ಅಟ್ಟದ ಮೇಲಿನ ರೆಕಾರ್ಡ್ ಹಚ್ಚುವ ಮೊದಲು

ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಭೀಮಸೇನ ಜೋಶಿ ಎಲ್ಲ ನಮ್ಮ ಕಡೆಯವರೇ. ಹಾಗಾಗಿ ಧಾರವಾಡ, ಹುಬ್ಬಳ್ಳಿ, ಗದಗದ ಹಳೆಯ ಮನೆಗಳ ಅಟ್ಟದಲ್ಲಿ ಒಂದಿಷ್ಟು ರೆಕಾರ್ಡ್ ಸಿಕ್ಕರೆ ಆಶ್ಚರ್ಯವೇನಿಲ್ಲ. ಅಜ್ಜ ತಂದಿಟ್ಟಿದ್ದು, ಪ್ಲೇಯರ್ ಕೆಟ್ಟ ಮೇಲೆ ಮೂಲೆ ಸೇರಿದ್ದು. ಈಗ ಮೊಮ್ಮಕ್ಕಳಿಗೆ ಅದರ ಹುಚ್ಚು ಹತ್ತಿದೆ. ಸಂತೋಷ. ಆದರೆ ಅಷ್ಟು ವರ್ಷ ಅಟ್ಟದಲ್ಲಿ ಏನೂ ಆಗದೆ ಉಳಿದಿದ್ದು ಕೆಳಗಿಳಿಸಿದ ದಿನವೇ ಹಾಳಾಗುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಹಾಳು ಮಾಡುವುದು ಎರಡೇ: ಒರೆಸಲು ಹಚ್ಚುವ ಸ್ಪಿರಿಟ್ ಮತ್ತು ಮುಳ್ಳಿನ ಭಾರ.

ಕೈಯಲ್ಲಿರುವುದು ಯಾವುದು?

ದಪ್ಪ, ಭಾರ, ಲೇಬಲ್ ಮೇಲೆ 78 (ನಿಮಿಷಕ್ಕೆ ತಿರುಗುವ ಸುತ್ತು) ಎಂದಿದ್ದರೆ ಅದು ಅರಗಿನ ತಟ್ಟೆ. ಬಿದ್ದರೆ ಚೂರು. 10 ಇಂಚಿನದಾದರೆ ಒಂದು ಬದಿಗೆ ಸುಮಾರು ಮೂರು ನಿಮಿಷ ಹಾಡುತ್ತದೆ. ತೆಳ್ಳಗೆ, ಸ್ವಲ್ಪ ಬಾಗುವಂತಿದ್ದು ಒಂದು ಬದಿಗೆ ಇಪ್ಪತ್ತು ನಿಮಿಷದಷ್ಟು ಹಾಡುವುದು ವಿನೈಲ್ ಎಲ್‌ಪಿ, 1948ರಲ್ಲಿ ಬಂದದ್ದು. ಎರಡಕ್ಕೂ ಒಂದೇ ಮುಳ್ಳು ನಡೆಯುವುದಿಲ್ಲ. 78ರ ಗೆರೆಗೆ ಬೇಕಾದ ಮುಳ್ಳಿನ ತುದಿ ಸುಮಾರು 75 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್), ಎಲ್‌ಪಿಗೆ ಸುಮಾರು 18. ದಪ್ಪ ಮುಳ್ಳನ್ನು ಎಲ್‌ಪಿ ಮೇಲೆ ಇಟ್ಟಿರೋ, ಗೆರೆ ಕೆತ್ತಿ ಹೋಯಿತು, ಅದಕ್ಕೆ ಮದ್ದಿಲ್ಲ. ಹಳೆಯ ಪೆಟ್ಟಿಗೆ ಪ್ಲೇಯರ್‌ಗಳಲ್ಲಿ ಮುಳ್ಳಿನ ಹತ್ತಿರ ತಿರುಗಿಸುವ ಸಣ್ಣ ಕಡ್ಡಿ ಇರುತ್ತದೆ, ಒಂದು ಕಡೆ 78, ಇನ್ನೊಂದು ಕಡೆ ಎಲ್‌ಪಿ. ಮೊದಲು ಅದನ್ನು ನೋಡಿ.

ಲೇಬಲ್ ಓದದೆ ಗುಜರಿಗೆ ಹಾಕಬೇಡಿ. ಗಂಗೂಬಾಯಿಯವರ ಮೊದಮೊದಲ ಎಚ್‌ಎಂವಿ ಕಂಪನಿಯ ತಟ್ಟೆಗಳಲ್ಲಿ ಹೆಸರು "ಗಾಂಧಾರಿ ಹಾನಗಲ್" ಎಂದಿದೆ. ಯಾರೋ ಗೊತ್ತಿಲ್ಲದವರು ಅಂತ ಬದಿಗಿಟ್ಟರೆ ಮನೆಯಲ್ಲಿದ್ದ ಒಳ್ಳೆಯದೇ ಹೋಯಿತು. ಅದನ್ನು ಹಚ್ಚಿದಾಗ ದನಿ ತೆಳ್ಳಗೆ, ಏರು ಶ್ರುತಿಯಲ್ಲಿ ಕೇಳುತ್ತದೆ. ಸ್ಪೀಡ್ ಜಾಸ್ತಿ ಆಗಿದೆ ಅಂದುಕೊಂಡು ಪ್ಲೇಯರ್ ಬಿಚ್ಚಲು ಹೋಗಬೇಡಿ. ಗಂಟಲಿನ ಚಿಕಿತ್ಸೆ ಆದ ಮೇಲೆ ಅವರ ದನಿ ದಪ್ಪಗಾಯಿತು, ಅದಕ್ಕೂ ಮೊದಲಿನದು ಇದು.

ತೊಳೆಯುವುದು

ಮೊದಲು ಒಣ ಧೂಳು ತೆಗೆಯಿರಿ. ನಮ್ಮ ಎರಿ ಮಣ್ಣಿನ ಧೂಳಿಗೆ ನೇರ ನೀರು ಹಾಕಿದರೆ ಗೆರೆಯೊಳಗೆ ಕೆಸರಾಗಿ ಕೂತುಬಿಡುತ್ತದೆ. ಮೆತ್ತನೆಯ ಬ್ರಷ್ ಸಾಕು, ಗೆರೆ ಹೋದ ದಿಕ್ಕಿಗೇ ಸುತ್ತಿಸಿ, ಅಡ್ಡಡ್ಡ ತಿಕ್ಕಬೇಡಿ. ಬೋರಿನ ನೀರು ಬೇಡ, ಒಣಗಿದ ಮೇಲೆ ಬಿಳಿ ಉಪ್ಪು ಬಿಡುತ್ತದೆ. ಬ್ಯಾಟರಿ ಅಂಗಡಿಯಲ್ಲಿ ಡಿಸ್ಟಿಲ್ಡ್ ವಾಟರ್ ಸಿಗುತ್ತದೆ (ಆಸಿಡ್ ಅಲ್ಲ, ಬಾಯಿಬಿಟ್ಟು ಕೇಳಿಯೇ ತನ್ನಿ). ಒಂದು ಲೀಟರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಮೂರು ಹನಿ. ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ, ಬರೀ ಡಿಸ್ಟಿಲ್ಡ್ ನೀರಿನಲ್ಲಿ ಇನ್ನೊಮ್ಮೆ ಒರೆಸಿ. ಲೇಬಲ್ಲಿಗೆ ನೀರು ತಾಗಬಾರದು. ನೆರಳಲ್ಲಿ ನಿಲ್ಲಿಸಿ ಒಣಗಿಸಿ.

ಎಲ್‌ಪಿಗಾದರೆ ನೀರಿಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ಸೇರಿಸಬಹುದು. 78ಕ್ಕೆ ಒಂದು ಹನಿಯೂ ಬೇಡ, ಸ್ಯಾನಿಟೈಜರ್ ಕೂಡ ಬೇಡ. ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿಯೇ ಬಡಿಗೇರರು ಕಪಾಟಿಗೆ ಪಾಲಿಶ್ ಹಚ್ಚುವುದು. ನೀವು ಸ್ಪಿರಿಟ್ ಹಾಕಿ ಒರೆಸಿದರೆ ಬಟ್ಟೆಗೆ ಬರುವ ಕಪ್ಪು ಬಣ್ಣ ಕೊಳೆಯಲ್ಲ, ಹಾಡು. ಇನ್ನು ಹೊಳಪು ಬರಲಿ ಅಂತ ಕೊಬ್ಬರಿ ಎಣ್ಣೆ ಸವರಿದವರೂ ಇದ್ದಾರೆ. ಅವರ ವಿಷಯ ಬಿಡಿ.

ಪ್ಲೇಯರ್

ಸೂಟ್‌ಕೇಸ್ ಹಾಗಿರುವ ಅಗ್ಗದ ಬಣ್ಣದ ಪ್ಲೇಯರ್ ಕೊಳ್ಳಬೇಡಿ. ಮುಳ್ಳಿನ ಭಾರ ಹೊಂದಿಸುವ ವ್ಯವಸ್ಥೆಯೇ ಅದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಮುಳ್ಳು ಹೊತ್ತ ತೋಳಿನ ಹಿಂದೆ ತಿರುಗಿಸುವ ತೂಕದ ಗುಂಡು ಇರಲೇಬೇಕು, ಇದರಲ್ಲಿ ಚೌಕಾಶಿ ಇಲ್ಲ. ಅಮೆರಿಕದಲ್ಲಿರುವ ಅಣ್ಣ ಹಳೆಯದೊಂದು ಕಳಿಸಿದ್ದಾನೆ ಅಂದರೆ ಮೊದಲು ಹಿಂಬದಿ ಓದಿ. ಅಲ್ಲಿನ ಕರೆಂಟ್ 60 ಹರ್ಟ್ಜ್, ನಮ್ಮದು 50. ಕೆಲವು ಹಳೆಯ ಮೋಟಾರುಗಳ ಓಟ ಕರೆಂಟಿನ ಹರ್ಟ್ಜ್ ಮೇಲೆಯೇ ನಿಂತಿರುತ್ತದೆ. ಟ್ರಾನ್ಸ್‌ಫಾರ್ಮರ್ ಹಾಕಿ 110 ವೋಲ್ಟ್ ಕೊಟ್ಟರೂ ನಿಮಿಷಕ್ಕೆ 33 ಸುತ್ತು ತಿರುಗಬೇಕಾದದ್ದು 28ರ ಹತ್ತಿರ ತಿರುಗುತ್ತದೆ, ಹಾಡುವವರೆಲ್ಲ ನಿದ್ದೆಗಣ್ಣಿನಲ್ಲಿ ಹಾಡಿದಂತೆ ಕೇಳುತ್ತದೆ.

ಭಾರ ಹೊಂದಿಸುವುದು

ಎಲ್ಲರೂ ಎಡವುವುದು ಇಲ್ಲೇ. ಸುಮ್ನೆ ಓದಿ ಬಿಡಬೇಡಿ, ಪ್ಲೇಯರ್ ಎದುರಿಗೆ ಇಟ್ಟುಕೊಂಡು ಮಾಡಿ.

ಪ್ಲೇಯರ್ ಆಫ್ ಇರಲಿ, ನೆಲಕ್ಕೆ ಸಮವಾಗಿ ಕೂತಿರಲಿ. ಮುಳ್ಳಿನ ಮುಚ್ಚಳ ತೆಗೆಯಿರಿ. ಆಂಟಿ-ಸ್ಕೇಟ್ (ತೋಳು ಒಳಕ್ಕೆ ಎಳೆಯದಂತೆ ತಡೆಯುವ ತಿರುಪು) ಸೊನ್ನೆಗೆ ತನ್ನಿ. ತೋಳು ಎತ್ತಿ ಇಳಿಸುವ ಕಡ್ಡಿಯನ್ನು ಕೆಳಗೆ ಮಾಡಿ. ತೋಳಿನ ಕೊಂಡಿ ಬಿಚ್ಚಿ, ಪ್ಲೇಯರಿನ ತಿರುಗುವ ತಟ್ಟೆಗೂ ತೋಳಿನ ಸ್ಟ್ಯಾಂಡಿಗೂ ನಡುವಿನ ಜಾಗಕ್ಕೆ ತಂದು, ತೋಳಿನ ತಲೆಯನ್ನು ಒಂದು ಬೆರಳಲ್ಲಿ ಹಿಡಿದುಕೊಂಡೇ ಇರಿ, ಬಿಟ್ಟರೆ ಮುಳ್ಳು ಕೆಳಗೆ ಬಡಿಯುತ್ತದೆ. ಇನ್ನೊಂದು ಕೈಯಲ್ಲಿ ಹಿಂದಿನ ಗುಂಡನ್ನು ನಿಧಾನ ತಿರುಗಿಸಿ. ಹಿಂದಕ್ಕೆ ಸರಿದಷ್ಟೂ ಮುಳ್ಳಿನ ಕಡೆ ಹಗುರ, ಮುಂದಕ್ಕೆ ಬಂದಷ್ಟೂ ಭಾರ. ತೋಳು ಮೇಲೂ ಹೋಗದೆ ಕೆಳಗೂ ಬೀಳದೆ ತಕ್ಕಡಿಯ ಹಾಗೆ ಸಮವಾಗಿ ತೇಲಬೇಕು. ಇಲ್ಲಿ ಅವಸರ ಬೇಡ. ಕಾಲು ಸುತ್ತು ತಿರುಗಿಸಿದರೂ ವ್ಯತ್ಯಾಸ ಕಾಣುತ್ತದೆ. ಫ್ಯಾನ್ ಆಫ್ ಮಾಡಿ, ಗಾಳಿಗೂ ಅಲ್ಲಾಡುತ್ತದೆ.

ತೇಲಿತಾ? ತೋಳನ್ನು ವಾಪಸ್ ಸ್ಟ್ಯಾಂಡಿಗೆ ಇಟ್ಟು ಕೊಂಡಿ ಹಾಕಿ. ಈಗ ಗುಂಡನ್ನು ಅಲ್ಲಾಡದಂತೆ ಬೆರಳಲ್ಲಿ ಹಿಡಿದು, ಅದರ ಮುಂದಿರುವ ಅಂಕಿಯ ಬಳೆಯನ್ನು ಮಾತ್ರ ತಿರುಗಿಸಿ ಸೊನ್ನೆಯನ್ನು ಗೆರೆಗೆ ತನ್ನಿ. ಹತ್ತರಲ್ಲಿ ಎಂಟು ಜನ ಇಲ್ಲಿ ಗುಂಡನ್ನೂ ಸೇರಿಸಿ ತಿರುಗಿಸುತ್ತಾರೆ, ಆಮೇಲೆ ಮಾಡಿದ್ದೆಲ್ಲ ಲೆಕ್ಕ ತಪ್ಪು. ಸೊನ್ನೆ ಬಂದ ಮೇಲೆ ಗುಂಡು, ಬಳೆ ಎರಡನ್ನೂ ಒಟ್ಟಿಗೆ ತಿರುಗಿಸಿ ನಿಮ್ಮ ಕಾರ್ಟ್ರಿಜ್ (ಮುಳ್ಳು ಕೂತಿರುವ ಸಣ್ಣ ಡಬ್ಬಿ) ಕಂಪನಿ ಹೇಳಿದ ಅಂಕಿಗೆ ನಿಲ್ಲಿಸಿ. ಆಡಿಯೋ-ಟೆಕ್ನಿಕಾ ವಿಎಂ95ಇಗೆ 2 ಗ್ರಾಂ, ಆರ್ಟೊಫೋನ್ 2ಎಂ ರೆಡ್‌ಗೆ 1.8 ಗ್ರಾಂ. ಆಂಟಿ-ಸ್ಕೇಟನ್ನೂ ಅದೇ ಅಂಕಿಗೆ ತನ್ನಿ.

ಬಳೆಯ ಅಂಕಿಯನ್ನು ಪೂರ್ತಿ ನಂಬದವರು ಆನ್‌ಲೈನಿನಲ್ಲಿ ಮುಳ್ಳಿನ ಸಣ್ಣ ಡಿಜಿಟಲ್ ತಕ್ಕಡಿ ತರಿಸಿ. ಅಕ್ಕಸಾಲಿಗರ ತಕ್ಕಡಿ ಸಾಕಲ್ಲ ಅನ್ನುತ್ತೀರಿ. ಕಾರ್ಟ್ರಿಜ್ ಒಳಗೆ ಅಯಸ್ಕಾಂತ ಇದೆ, ಕಬ್ಬಿಣದ ತಟ್ಟೆಯನ್ನು ಎಳೆದು ತೂಕ ತಪ್ಪು ತೋರಿಸುತ್ತದೆ.

ಇನ್ನು ಹಾಡು ಎಗರಿದರೆ ತೋಳಿನ ತಲೆ ಮೇಲೆ ನಾಣ್ಯ ಇಡುವ ಜಾಣರು. 2011ರಲ್ಲಿ ಬಂದ ಒಂದು ರೂಪಾಯಿ ನಾಣ್ಯದ ತೂಕ 3.79 ಗ್ರಾಂ. 2 ಗ್ರಾಂ ಹೊರಬೇಕಾದ ಗೆರೆ ಹೆಚ್ಚುಕಡಿಮೆ 6 ಗ್ರಾಂ ಹೊರುತ್ತದೆ. ಎಗರುವುದು ನಿಲ್ಲುತ್ತದೆ ನಿಜ, ಗೆರೆಯೂ ಸವೆಯುತ್ತದೆ. ಹಾಗಂತ ಮುತುವರ್ಜಿಯಿಂದ 1 ಗ್ರಾಂಗೆ ಇಳಿಸುವುದೂ ತಪ್ಪು, ಹಗುರವಾದ ಮುಳ್ಳು ಗೆರೆಯಲ್ಲಿ ಕುಣಿದು ಗೋಡೆಗೆ ಬಡಿಯುತ್ತದೆ. ಎಗರಿದರೆ ಮೊದಲು ಮುಳ್ಳಿನ ತುದಿಗೆ ಧೂಳಿನ ಉಂಡೆ ಕಟ್ಟಿದೆಯಾ ನೋಡಿ, ಆಮೇಲೆ ಟೇಬಲ್ ವಾಲಿದೆಯಾ ನೋಡಿ.

ಉಳಿದದ್ದು

ಮುಳ್ಳಿನಿಂದ ಬರುವ ಸಿಗ್ನಲ್ ಬಹಳ ಸಣ್ಣದು, ಆಂಪ್ಲಿಫೈಯರಿನಲ್ಲಿ ಫೋನೊ ಎಂಬ ಜಾಗ ಇರಬೇಕು, ಇಲ್ಲವಾದರೆ ಆ ಸಿಗ್ನಲ್ ಹಿಗ್ಗಿಸುವ ಫೋನೊ ಪ್ರಿಆಂಪ್ ಬೇರೆ ಕೊಳ್ಳಿ. ಗುಂಯ್ ಅಂದರೆ ಸಾಮಾನ್ಯವಾಗಿ ಅರ್ತ್ ವೈರ್ ಸಿಕ್ಕಿಸಿಲ್ಲ ಅಂತ ಅರ್ಥ.

ಸ್ಪೀಕರ್ ಇಟ್ಟ ಟೇಬಲ್ ಮೇಲೆ ಪ್ಲೇಯರ್ ಇಡಬೇಡಿ. ಹಲಗೆಯ ಮಾಳಿಗೆಯಾದರೆ ನಡೆದಾಡಿದರೂ ಮುಳ್ಳು ಎಗರುತ್ತದೆ. ಕಲ್ಲಿನ ಅಂಗಡಿಯಲ್ಲಿ ಕಡಪಾ ಕಲ್ಲಿನ ತುಂಡೊಂದು ಕತ್ತರಿಸಿಕೊಂಡು ಬಂದು, ಕೆಳಗೆ ರಬ್ಬರ್ ಶೀಟ್ ಹಾಕಿ, ಅದರ ಮೇಲೆ ಪ್ಲೇಯರ್ ಕೂರಿಸಿ. ಸಾವಿರಾರು ರೂಪಾಯಿಯ ಸ್ಟ್ಯಾಂಡಿಗಿಂತ ನನಗೆ ಇದೇ ಸೇರುತ್ತದೆ.

ಕೇಳಿದ ಮೇಲೆ ರೆಕಾರ್ಡನ್ನು ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿಡಿ, ಒಂದರ ಮೇಲೊಂದು ಪೇರಿಸಬೇಡಿ. ಪತ್ರಾಸಿನ (ತಗಡಿನ ಚಾವಣಿಯ) ಕೆಳಗಿನ ಅಟ್ಟಕ್ಕಂತೂ ಮತ್ತೆ ಏರಿಸಬೇಡಿ, ಏಪ್ರಿಲ್ ಬಿಸಿಲಿಗೆ ಎಲ್‌ಪಿ ಹಪ್ಪಳವಾಗುತ್ತದೆ. ವಜ್ರದ ಮುಳ್ಳಾದರೂ 500ರಿಂದ 1,000 ಗಂಟೆಗೆ ಸವೆಯುತ್ತದೆ. ಹೊಸದು ಹಾಕಿದ ದಿನಾಂಕವನ್ನು ಪ್ಲೇಯರಿನ ಅಡಿಗೆ ಬರೆದು ಅಂಟಿಸಿಡಿ.