ಚಹಾದ ಹೊತ್ತಿಗೆಂದು ನಾನೇ ಮಾಡಿಕೊಂಡ ಬೆಳ್ಳಿ

ಬೆಳಗಿನ ಚಹಾವನ್ನು ಅವಸರವಿಲ್ಲದೆ ಮಾಡಿ, ಅದರ ಜೊತೆಗೆ ಬೇರೆ ಯಾವ ಕೆಲಸವನ್ನೂ ಹಚ್ಚಿಕೊಳ್ಳದೆ ಕುಳಿತು ಕುಡಿಯುವ ರೂಢಿಯನ್ನು ನಾನು ಧಾರವಾಡಕ್ಕೆ ಬಂದಾಗಿನಿಂದ ಇಟ್ಟುಕೊಂಡಿದ್ದೇನೆ. ಆ ಹೊತ್ತಿಗೆಂದೇ ಬೆಳ್ಳಿಯ ಒಂದು ಉಂಗುರವನ್ನೂ ಒಂದು ಕಡಗವನ್ನೂ ಕೈಯಾರೆ ಮಾಡಿಕೊಂಡಿದ್ದೇನೆ. ಅವುಗಳನ್ನು ಕಂಡವರು ಮೊದಲು ಕೇಳುವುದು ವಿನ್ಯಾಸವನ್ನು. ನಾನು ಮಾತ್ರ ಬಳಕೆಯಿಂದಲೇ ಮಾತು ಶುರು ಮಾಡುತ್ತೇನೆ. ಬಿಸಿ ಬೋಗುಣಿ, ಹಬೆ, ಒದ್ದೆ ಕೈ, ಚಹಾದ ಕಪ್ಪು-ಬಸಿ ಇವುಗಳ ನಡುವೆ ದಿನವೂ ಇರಬೇಕಾದ ಒಡವೆಯನ್ನು ಲಗ್ನಕ್ಕೆ ಹಾಕಿಕೊಂಡು ಮತ್ತೆ ಪೆಟ್ಟಿಗೆಗೆ ಸೇರಿಸುವ ಒಡವೆಯ ಹಾಗೆ ಮಾಡಲು ಬರುವುದಿಲ್ಲ. ಅದರ ದಪ್ಪ, ಅದರ ಒಳಮೈ, ಅದು ಕೂಡುವ ಜಾಗ, ಎಲ್ಲವನ್ನೂ ಆ ಅರ್ಧ ಗಂಟೆಯ ಕೆಲಸವೇ ತೀರ್ಮಾನಿಸಬೇಕು.

ಬೆಳ್ಳಿಯನ್ನು ದಿನವೂ ಮುಟ್ಟುತ್ತಿರಬೇಕು ಎಂಬುದನ್ನು ನಾನು ಕಂಡುಕೊಂಡದ್ದು ಗದಗಿನ ನಮ್ಮ ಮನೆಯಲ್ಲಿ. ಅಜ್ಜಿ ಸ್ನಾನ ಮುಗಿಸಿ, ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಅಂಗೈಯಲ್ಲಿಟ್ಟು ಪೂಜಿಸಿದ ಮೇಲೆಯೇ ಚಹಾ ಕುಡಿಯುತ್ತಿದ್ದಳು. ವಿಭೂತಿ ಹತ್ತಿದ ಬೆರಳುಗಳಿಂದಲೇ ಕರಡಿಗೆಯನ್ನು ತೆರೆದು ಮುಚ್ಚುತ್ತಿದ್ದುದರಿಂದ ಅದು ಕಪ್ಪಾದದ್ದನ್ನು ನಾನು ನೋಡಲೇ ಇಲ್ಲ. ಅದೇ ಮನೆಯ ಕಪಾಟಿನಲ್ಲಿ ಜೋಪಾನವಾಗಿ ಇಟ್ಟಿದ್ದ ಬೆಳ್ಳಿಯ ಆರತಿ ತಟ್ಟೆ ಮಾತ್ರ ಪ್ರತಿ ದೀಪಾವಳಿಗೂ ಕಪ್ಪಾಗಿಯೇ ಹೊರಬರುತ್ತಿತ್ತು. ಬೆಳ್ಳಿ ಕಬ್ಬಿಣದಂತೆ ತುಕ್ಕು ಹಿಡಿಯುವುದಿಲ್ಲ. ಗಾಳಿಯಲ್ಲಿ ಅತಿ ಕಡಿಮೆ ಪ್ರಮಾಣದಲ್ಲಿರುವ ಗಂಧಕದ ಸಂಯುಕ್ತಗಳು, ಮುಖ್ಯವಾಗಿ ಹೈಡ್ರೋಜನ್ ಸಲ್ಫೈಡ್, ಅದರ ಮೇಲ್ಮೈಯೊಡನೆ ಕೂಡಿ ಬೆಳ್ಳಿಯ ಸಲ್ಫೈಡ್‌ನ ತೆಳುವಾದ ಪೊರೆಯಾಗುತ್ತದೆ. ಆ ಪೊರೆ ಮೊದಲು ಹಳದಿ, ಆಮೇಲೆ ಕಂದು, ಕೊನೆಗೆ ಕಪ್ಪು. ದಿನವೂ ಚರ್ಮಕ್ಕೂ ಬಟ್ಟೆಗೂ ಉಜ್ಜುತ್ತಿರುವ ಬೆಳ್ಳಿಯ ಮೇಲೆ ಅದು ಹಳದಿಯಾಗುವ ಮೊದಲೇ ಸವೆದುಹೋಗುತ್ತದೆ. ಆದ್ದರಿಂದ ಚಹಾದಂಥ ನಿತ್ಯದ ರೂಢಿಗೆ ಬೆಳ್ಳಿಯಷ್ಟು ಹೊಂದುವ ಲೋಹ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಕೆಲಸ ಕಲಿತದ್ದು ಗದಗಿಗೆ ಹೊಂದಿಕೊಂಡ ಬೆಟಗೇರಿಯಲ್ಲಿ, ನಾವು ಪತ್ತಾರ ಕಾಕಾ ಎಂದು ಕರೆಯುತ್ತಿದ್ದ ಹಿರಿಯ ಅಕ್ಕಸಾಲಿಗರೊಬ್ಬರ ಬಳಿ. ಅವರ ಮುಖ್ಯ ಕಸುಬು ಕರಡಿಗೆ ಮತ್ತು ಕಾಲುಂಗುರ. ಅವರ ಅಡಿಗಲ್ಲಿನ ಎದುರು ಕುಳಿತು ನಾನು ಮೊದಲು ಕಲಿತದ್ದು ಬಡಿಯುವುದನ್ನಲ್ಲ, ಕಾಯಿಸುವುದನ್ನು. ಬೆಳ್ಳಿಯನ್ನು ಸುತ್ತಿಗೆಯಿಂದ ಬಡಿದಂತೆಲ್ಲ ಅದು ಗಡುಸಾಗುತ್ತ ಹೋಗುತ್ತದೆ. ಹಾಗೆಯೇ ಬಡಿಯುತ್ತಿದ್ದರೆ ಅಂಚಿನಲ್ಲಿ ಸೀಳುತ್ತದೆ. ಸುಮಾರು 650 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಮತ್ತೆ ಮೆದುವಾಗುತ್ತದೆ. ಅಷ್ಟು ಶಾಖವನ್ನು ಕಾಕಾ ಅಳೆಯುತ್ತಿದ್ದುದು ಕಣ್ಣಿನಿಂದ. ಕಿಟಕಿಯ ಬಾಗಿಲನ್ನು ಅರ್ಧ ಮುಚ್ಚಿ ಕೋಣೆಯನ್ನು ಮಬ್ಬು ಮಾಡಿಕೊಂಡು, ಲೋಹದ ಮೈಯಲ್ಲಿ ಮಂದವಾದ ಕೆಂಪು ಹೊಳೆಯುವುದನ್ನು ಕಾಯುತ್ತಿದ್ದರು. "ಕೆಂಪು ಕಂಡ ಕೂಡಲೇ ಉರಿ ತಗೀಬೇಕವ್ವಾ, ಇನ್ನಷ್ಟು ಕಾಣಲಿ ಅಂತ ಕಾಯಬಾರದು" ಎಂದು ಅವರು ಹೇಳುತ್ತಿದ್ದುದು ಈಗಲೂ ನನ್ನ ಕೈಯಲ್ಲಿ ಉರಿ ಹಾಯಿಸುವ ಟಾರ್ಚ್ ಇದ್ದಾಗಲೆಲ್ಲ ನೆನಪಾಗುತ್ತದೆ. ಕಡು ಬಿಸಿಲಿನಲ್ಲಿ ಈ ಕೆಂಪು ಕಾಣುವುದೇ ಇಲ್ಲ, ಹಾಗಾಗಿ ಕಾಯಿಸುವ ಕೆಲಸವನ್ನು ನಾನು ಮುಂಜಾನೆ ಇಲ್ಲವೆ ಮೋಡ ಕವಿದ ದಿನ ಇಟ್ಟುಕೊಳ್ಳುತ್ತೇನೆ. ಧಾರವಾಡದ ಮಳೆಗಾಲದಲ್ಲಿ ಅಂಥ ದಿನಗಳಿಗೆ ಕೊರತೆಯಿಲ್ಲ.

ಶುದ್ಧ ಬೆಳ್ಳಿ ಕಡಗಕ್ಕೆ ತೀರ ಮೆದು. ಬಾಗಿಲ ಚೌಕಟ್ಟಿಗೆ ಒಮ್ಮೆ ತಾಗಿದರೂ ಸೊಟ್ಟಗಾಗುತ್ತದೆ. ಆದ್ದರಿಂದ ನೂರು ಭಾಗದಲ್ಲಿ 92.5 ಭಾಗ ಬೆಳ್ಳಿ, 7.5 ಭಾಗ ತಾಮ್ರ ಇರುವ ಮಿಶ್ರಣವನ್ನು ಆರಿಸಿಕೊಂಡೆ. ಮನೆಯಲ್ಲಿ ತುಂಡಾದ ಕಾಲಚೈನುಗಳಿದ್ದವು, ಆದರೆ ಅವುಗಳ ಕೊಂಡಿ ಕೊಂಡಿಗೂ ಬೇರೆ ಲೋಹ ಬೆರೆತ ಬೆಸುಗೆ ಇರುವುದರಿಂದ ಕರಗಿಸಿದಾಗ ಬೆಳ್ಳಿಯ ಪ್ರಮಾಣ ಎಷ್ಟೆಂದು ತಿಳಿಯುವುದಿಲ್ಲ. 37 ಗ್ರಾಂ ಅಪ್ಪಟ ಬೆಳ್ಳಿಗೆ 3 ಗ್ರಾಂ ತಾಮ್ರದ ತಂತಿಯನ್ನು ಸೇರಿಸಿದರೆ ಲೆಕ್ಕ ಸರಿಯಾಗಿ 92.5ಕ್ಕೆ ಬರುತ್ತದೆ, ಒಟ್ಟು 40 ಗ್ರಾಂ ಕೈಗೆ ಸಿಗುತ್ತದೆ. ಬೆಳ್ಳಿ ಕರಗುವುದು 961 ಡಿಗ್ರಿಯಲ್ಲಿ, ತಾಮ್ರ 1085ರಲ್ಲಿ. ಆದರೂ ಕರಗಿದ ಬೆಳ್ಳಿಯೊಳಗೆ ತಾಮ್ರ ತಾನಾಗಿ ಬೆರೆತುಬಿಡುವುದರಿಂದ ಎರಡನ್ನೂ ಒಟ್ಟಿಗೆ ಮೂಸೆಗೆ ಹಾಕಿ, ಮೇಲೆ ಚಿಟಿಕೆ ಬಿಳಿಗಾರ (ಬೋರಾಕ್ಸ್) ಉದುರಿಸಿದೆ. ಲೋಹ ಪೂರ್ತಿ ಕರಗಿದಾಗ ಬಿಳಿಗಾರ ಅಂಚಿಗೆ ಸರಿದು, ನಡುವೆ ಕನ್ನಡಿಯಂಥ ಒಂದು ಬಿಲ್ಲೆ ಮಾತ್ರ ಮೂಸೆಯೊಂದಿಗೆ ಓಲಾಡುತ್ತದೆ. ಆ ಹೊತ್ತಿನಲ್ಲಿ ಎಣ್ಣೆ ಸವರಿ ಬೆಚ್ಚಗೆ ಮಾಡಿಟ್ಟ ಕಬ್ಬಿಣದ ಅಚ್ಚಿಗೆ ಒಂದೇ ಧಾರೆಯಲ್ಲಿ ಸುರಿಯಬೇಕು. ಹೀಗೆ ಸಿಕ್ಕ ಸರಳನ್ನು ಬಡಿದು, ಕಾಯಿಸಿ, ಕಂಬಿ ಎಳೆಯುವ ಪಟ್ಟಿಯಾದ ಕಂಬಚ್ಚಿನ, ಒಂದಕ್ಕಿಂತ ಒಂದು ಕಿರಿದಾದ ತೂತುಗಳಲ್ಲಿ ಒಂದಾದ ಮೇಲೊಂದರಂತೆ ಎಳೆದು, ಕಡಗಕ್ಕೆ 4 ಮಿಲಿಮೀಟರ್, ಉಂಗುರಕ್ಕೆ 2.5 ಮಿಲಿಮೀಟರ್ ದಪ್ಪದ ಕಂಬಿ ಮಾಡಿಕೊಂಡೆ.

ಉಂಗುರಕ್ಕೆ ಎಷ್ಟು ಉದ್ದದ ಕಂಬಿ ಬೇಕೆಂಬುದಕ್ಕೆ ಸರಳ ಲೆಕ್ಕವಿದೆ. ಒಳಗಿನ ಅಡ್ಡಳತೆಗೆ ಕಂಬಿಯ ದಪ್ಪವನ್ನು ಕೂಡಿಸಿ 3.14ರಿಂದ ಗುಣಿಸಬೇಕು. 17 ಮಿಲಿಮೀಟರ್ ಒಳಅಳತೆಯ ನನ್ನ ಉಂಗುರಕ್ಕೆ ಸುಮಾರು 61 ಮಿಲಿಮೀಟರ್ ಕಂಬಿ ಹಿಡಿಯಿತು, ತೂಕ 3 ಗ್ರಾಂ ಆಸುಪಾಸು. ಬೆರಳಿನ ಅಳತೆಯನ್ನು ಮಾತ್ರ ಒಲೆಯ ಮುಂದೆ ನಿಂತು ಕೆಲಸ ಮಾಡಿದ ಮೇಲೆ ತೆಗೆದುಕೊಂಡೆ. ಶಾಖಕ್ಕೆ ಬೆರಳು ಸ್ವಲ್ಪ ಉಬ್ಬುತ್ತದೆ, ತಂಪು ಬೆಳಗಿನ ಅಳತೆಗೆ ಮಾಡಿದ ಉಂಗುರ ಚಹಾ ಕುದಿಯುವ ಹೊತ್ತಿಗೆ ಬಿಗಿಯುತ್ತದೆ.

ಬೆಸುಗೆಯ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ದಿನವೂ ಬಿಸಿಯೂ ತಂಪೂ ಆಗುವ ಉಂಗುರದ ಆಯುಷ್ಯವೆಲ್ಲ ಆ ಒಂದು ಕೂಡಿನಲ್ಲಿದೆ. ಕಂಬಿಯ ಎರಡು ತುದಿಗಳನ್ನೂ ಅರದಿಂದ ಉಜ್ಜಿ, ಎದುರುಬದುರು ಕೂಡಿಸಿ ಬೆಳಕಿಗೆ ಹಿಡಿದಾಗ ನಡುವೆ ಬೆಳಕಿನ ಗೆರೆ ಕಾಣದಂತೆ ಮಾಡಿಕೊಳ್ಳಬೇಕು. ಬೆಸುಗೆ ಸಂದಿಯನ್ನು ತುಂಬಿಕೊಡುವುದಿಲ್ಲ. ಬಿಳಿಗಾರವನ್ನು ಕಲ್ಲಿನ ಮೇಲೆ ನೀರಿನಲ್ಲಿ ತೇಯ್ದು ಹಾಲಿನಷ್ಟು ತೆಳ್ಳಗೆ ಮಾಡಿ ಹಚ್ಚಿ, ಬೆಳ್ಳಿಗಿಂತ ಬೇಗ ಕರಗುವ ಬೆಸುಗೆಯ ಲೋಹದ, ಸಾಸಿವೆಗಿಂತ ಚಿಕ್ಕದಾದ ಚೂರನ್ನು ಕೂಡಿನ ಮೇಲಿಡಬೇಕು. ಉರಿಯನ್ನು ಕೂಡಿಗೆ ಮಾತ್ರ ಹಿಡಿದರೆ ಕೆಲಸ ಆಗುವುದಿಲ್ಲ, ಏಕೆಂದರೆ ಬೆಳ್ಳಿ ಆ ಶಾಖವನ್ನು ಸುತ್ತಲೂ ಒಯ್ದುಬಿಡುತ್ತದೆ. ಇಡೀ ಉಂಗುರವನ್ನು ಸಮನಾಗಿ ಕಾಯಿಸಿ, ಕೊನೆಯಲ್ಲಷ್ಟೇ ಉರಿಯನ್ನು ಕೂಡಿನತ್ತ ತರಬೇಕು. ಆಗ ಚೂರು ಒಮ್ಮೆಲೇ ಕುಸಿದು, ಕೂಡಿನ ಉದ್ದಕ್ಕೂ ಬೆಳ್ಳನೆಯ ಗೆರೆಯಾಗಿ ಓಡುತ್ತದೆ. ಕಾಯಿಸಿದ ಮೇಲೆ ತಾಮ್ರದಿಂದಾಗಿ ಕಪ್ಪಿಟ್ಟ ಮೈಯನ್ನು ತಾಮ್ರದ ಪಾತ್ರೆಯಲ್ಲಿ ಹುಣಸೆಹಣ್ಣಿನ ನೀರು ಕುದಿಸಿ ತೊಳೆದೆ, ಆಮೇಲೆ ಅಂಟವಾಳಕಾಯಿಯ ನೊರೆಯಲ್ಲಿ ಹಿತ್ತಾಳೆಯ ಬ್ರಷ್ಷಿನಿಂದ ಉಜ್ಜಿದೆ. ಆ ಹುಳಿನೀರಿಗೆ ಕಬ್ಬಿಣದ ಇಕ್ಕಳವನ್ನು ಅದ್ದಬಾರದು; ನೀರಿಗೆ ಬಿಟ್ಟುಕೊಂಡ ತಾಮ್ರವೆಲ್ಲ ಬೆಳ್ಳಿಯ ಮೇಲೆ ಕೆಂಪಾಗಿ ಕೂರುತ್ತದೆ.

ಕಡಗವನ್ನು ಕೈಯ ಆಕಾರಕ್ಕೆ ತಕ್ಕಂತೆ ಅಂಡಾಕಾರವಾಗಿ ಬಗ್ಗಿಸಿದೆ. ದುಂಡಗಿನ ಕಡಗ ಚಹಾ ಸೋಸುವಾಗ ಜಾರಿ ಬೋಗುಣಿಯ ಅಂಚಿಗೆ ಬಡಿಯುತ್ತದೆ. ಅಂಡಾಕಾರದ್ದು ಮಣಿಕಟ್ಟಿನ ಮೇಲೆ ಕೂತಲ್ಲೇ ಕೂರುತ್ತದೆ. ಇದು ಬರಿಯ ಸೌಕರ್ಯದ ಮಾತಲ್ಲ. ಲೋಹಗಳಲ್ಲೆಲ್ಲ ಶಾಖವನ್ನು ಅತಿ ಬೇಗ ಒಯ್ಯುವುದು ಬೆಳ್ಳಿ, ಸ್ಟೇನ್‌ಲೆಸ್ ಸ್ಟೀಲಿಗಿಂತ 20 ಪಟ್ಟಿಗೂ ಹೆಚ್ಚು. ಕಾದ ಪಾತ್ರೆಗೆ ಒಂದು ಕಡೆ ತಾಗಿದ ಕಡಗ ಇನ್ನೊಂದು ಕಡೆಯ ಚರ್ಮವನ್ನು ಕ್ಷಣದಲ್ಲಿ ಚುರುಕ್ಕೆನಿಸುತ್ತದೆ. ಹೊರಮೈಗೆ ಸುತ್ತಿಗೆಯ ಸಣ್ಣ ಏಟುಗಳನ್ನು ಹಾಗೆಯೇ ಉಳಿಸಿ ಒಪ್ಪ ಹಾಕಿದೆ. ದಿನಬಳಕೆಯ ಗೀರುಗಳು ಆ ಏಟುಗಳ ನಡುವೆ ಸೇರಿಹೋಗುತ್ತವೆ, ಕನ್ನಡಿಯಂತೆ ನುಣುಪಾದ ಮೈಯಲ್ಲಿ ಒಂದೊಂದೂ ಎದ್ದು ಕಾಣುತ್ತವೆ. ಹರಳು, ಮುತ್ತು ಯಾವುದನ್ನೂ ಕೂರಿಸಲಿಲ್ಲ. ಅಂಟಿನಲ್ಲಿ ಕೂರಿಸಿದ ಹರಳು ಹಬೆಗೆ ಸಡಿಲಾಗುತ್ತದೆ, ಮುತ್ತಂತೂ ಬಿಸಿಯನ್ನು ತಡೆಯುವುದಿಲ್ಲ. ತೂಕ 25 ಗ್ರಾಂ, ಎರಡು ತೊಲೆಗೆ ತುಸು ಹೆಚ್ಚು. ಕೈಗೆ ಹಾಕಿಕೊಂಡಾಗ ಇದೆ ಎಂದು ಗೊತ್ತಾಗುವಷ್ಟು, ಭಾರವೆನಿಸದಷ್ಟು.

ಬೆಳಗ್ಗೆ ಒಲೆ ಹಚ್ಚುವ ಮೊದಲು ಕೈ ಒರೆಸಿಕೊಂಡು ಕಡಗವನ್ನೂ ಉಂಗುರವನ್ನೂ ಹಾಕಿಕೊಳ್ಳುತ್ತೇನೆ. ಆಗ ಬೆಳ್ಳಿ ತಣ್ಣಗಿರುತ್ತದೆ, ಆ ತಣ್ಪು ಚರ್ಮಕ್ಕೆ ತಾಗಿದ ಕೂಡಲೇ ಗಮನ ಕೈಗೆ ಬರುತ್ತದೆ. ಅಳೆದು ಹಾಕಿದ ನೀರಿಗೆ ಜಜ್ಜಿದ ಹಸಿ ಶುಂಠಿ, ಅಂಗಳದ ಗವತಿ ಚಹಾದ (ನಿಂಬೆಹುಲ್ಲಿನ) ಒಂದು ಎಲೆ. ನೀರು ಮರಳಿದ ಮೇಲೆ ಚಹಾಪುಡಿ ಹಾಕಿ, ಒಲೆ ಆರಿಸಿ, ತಟ್ಟೆ ಮುಚ್ಚುತ್ತೇನೆ. ಪುಡಿ ಬಣ್ಣ ಬಿಡುವ ಆ ಮೂರ್ನಾಲ್ಕು ನಿಮಿಷ ಮೊಬೈಲಿಗೆ ಕೈ ಹಾಕುವುದಿಲ್ಲ, ಉಂಗುರವನ್ನು ಬೆರಳಿನಲ್ಲಿ ನಿಧಾನವಾಗಿ ತಿರುಗಿಸುತ್ತ ನಿಲ್ಲುತ್ತೇನೆ. ಅದರ ಒಳಮೈಯನ್ನು ಉಬ್ಬಿದಂತೆ ದುಂಡಗೆ ಉಜ್ಜಿರುವುದರಿಂದ ಒದ್ದೆ ಬೆರಳಿನಲ್ಲಿಯೂ ಅದು ತಡೆಯಿಲ್ಲದೆ ತಿರುಗುತ್ತದೆ. ಬೇರೆಯಾಗಿ ಕಾಯಿಸಿದ ಹಾಲನ್ನು ಕೂಡಿಸಿ ಸೋಸಿ, ನಮ್ಮ ಕಡೆಯ ಪದ್ಧತಿಯಂತೆ ಕಪ್ಪಿನಿಂದ ಬಸಿಗೆ ಸುರಿದುಕೊಂಡು ಕುಡಿಯುತ್ತೇನೆ. ಉಂಗುರ ಇರುವುದು ಎಡಗೈಯ ನಡುಬೆರಳಲ್ಲಿ, ಬಸಿಯನ್ನು ಅಡಿಯಿಂದ ಹಿಡಿಯುವುದು ಅದೇ ಕೈ. ಬಿಸಿ ಮೊದಲು ಉಂಗುರಕ್ಕೆ ಬರುತ್ತದೆ, ಆಮೇಲೆ ಬೆರಳಿಗೆ; ಉಂಗುರದ ಬಿಸಿ ಇಳಿದು ಬೆರಳಿನ ಬಿಸಿಗೆ ಸಮವಾದಾಗ ಚಹಾ ಕುಡಿಯುವ ಹದಕ್ಕೆ ಬಂದಿರುತ್ತದೆ. ನನ್ನ ಮಟ್ಟಿಗೆ ಈ ಒಡವೆಯ ಪ್ರಯೋಜನವೆಲ್ಲ ಇಲ್ಲಿದೆ. ಮನಸ್ಸು ಎಲ್ಲಿಗೋ ಹೋಗಿದ್ದರೆ ಆ ಬಿಸಿಯ ಏರಿಳಿತ ತಿಳಿಯುವುದೇ ಇಲ್ಲ.

ಜಪಾನಿನ ಚಹಾ ಸಂಪ್ರದಾಯದಲ್ಲಿ ಇದಕ್ಕೆ ತದ್ವಿರುದ್ಧವಾದ ಶಿಸ್ತಿದೆ. ಅಲ್ಲಿ ಅತಿಥಿಗಳು ಉಂಗುರ, ಬಳೆ, ಗಡಿಯಾರಗಳನ್ನು ತೆಗೆದಿಟ್ಟು ಚಹಾದ ಕೋಣೆಗೆ ಹೋಗುತ್ತಾರೆ, ಹಳೆಯ ಮಣ್ಣಿನ ಬಟ್ಟಲುಗಳಿಗೆ ಗೀರು ಬೀಳಬಾರದೆಂದು. ಆ ಎಚ್ಚರಿಕೆಯನ್ನು ನಾನು ಗೌರವಿಸುತ್ತೇನೆ, ಅದರಲ್ಲಿ ನಿಜವೂ ಇದೆ. ಪಿಂಗಾಣಿಯ ಮೇಲಿನ ಗಾಜಿನಂಥ ಲೇಪ ಬೆಳ್ಳಿಗಿಂತ ಗಟ್ಟಿಯಾದ್ದರಿಂದ ಉಂಗುರ ಉಜ್ಜಿದಲ್ಲಿ ಬೆಳ್ಳಿಯೇ ಸವೆದು ಬೂದುಬಣ್ಣದ ಗೆರೆ ಉಳಿಯುತ್ತದೆ. ನನ್ನ ಬಸಿಯ ತಳದ ಒರಟು ಅಂಚಿನಲ್ಲಿ ಅಂಥ ಗೆರೆಗಳಿವೆ. ಹಿರಿಯರ ಕಾಲದ ಕಪ್ಪುಗಳನ್ನು ಕಪಾಟಿನಿಂದ ತೆಗೆದ ದಿನ ನಾನೂ ಉಂಗುರ ತೆಗೆದಿಡುತ್ತೇನೆ, ಕಡಗ ಮಾತ್ರ ಇರುತ್ತದೆ.

ಸಂಜೆಯ ಚಹಾಕ್ಕೆ ಎರಡನ್ನೂ ಹಾಕಿಕೊಳ್ಳುವುದಿಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ ಸಂಜೆಯ ಚಹಾ ಎಂದರೆ ಜೊತೆಗೆ ಗಿರಮಿಟ್ಟೋ ಒಗ್ಗರಣೆ ಚುರುಮುರಿಯೋ ಇರಲೇಬೇಕು, ಅಂದರೆ ಹೆಚ್ಚಿದ ಉಳ್ಳಾಗಡ್ಡಿ ಇರಲೇಬೇಕು. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಮೊಟ್ಟೆಯ ಹಳದಿ ಇವೆಲ್ಲ ಗಂಧಕದ ಸಂಯುಕ್ತಗಳಿರುವ ಪದಾರ್ಥಗಳು. ಇವುಗಳ ರಸ ಹತ್ತಿದ ಬೆಳ್ಳಿ ಬಹು ಬೇಗ ಕಂದುತ್ತದೆ. ಚಹಾದಿಂದ ಬೆಳ್ಳಿಗೆ ಅಂಥ ಕೇಡೇನೂ ಇಲ್ಲ. ಬೆಳಗಿನ ಚಹಾ ಮುಗಿದ ಮೇಲೆ ಸಾದಾ ನೀರಿನಲ್ಲಿ ತೊಳೆದು, ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಒರೆಸಿ, ಸೀಮೆಸುಣ್ಣದ ತುಂಡೊಂದನ್ನು ತೇವ ಹೀರಲೆಂದು ಹಾಕಿಟ್ಟ ಡಬ್ಬಿಯಲ್ಲಿಡುತ್ತೇನೆ. ರಬ್ಬರ್ ಬ್ಯಾಂಡ್ ಸುತ್ತಿಡಬಾರದು, ರಬ್ಬರಿನಲ್ಲಿಯೂ ಗಂಧಕವಿದೆ. ಊರಿಗೆ ಹೋಗಿ ಬಂದಾಗ ಬಣ್ಣ ತುಸು ಕುಂದಿದ್ದರೆ ಒಣ ವಿಭೂತಿಯನ್ನು ಮೆತ್ತನೆಯ ಬಟ್ಟೆಗೆ ಹಚ್ಚಿ ಉಜ್ಜಿದರೆ ಸಾಕು. ಹಲ್ಲುಪುಡಿ ಬೇಡ, ಅದು ಗೀರುತ್ತದೆ. ಅಲ್ಯೂಮಿನಿಯಂ ಹಾಳೆ ಹಾಸಿ ಅಡುಗೆ ಸೋಡಾದ ಬಿಸಿನೀರಿನಲ್ಲಿಡುವ ಉಪಾಯದಲ್ಲಿ ಕಪ್ಪು ಪೊರೆ ಮರಳಿ ಬೆಳ್ಳಿಯೇ ಆಗುವುದರಿಂದ ಲೋಹ ಸವೆಯುವುದಿಲ್ಲ ಎಂಬುದು ನಿಜ, ಆದರೆ ಏಟುಗಳ ತಗ್ಗಿನಲ್ಲಿ ಚೆಂದವಾಗಿ ನಿಂತ ನೆರಳನ್ನೂ ಅದು ಅಳಿಸಿಬಿಡುವುದರಿಂದ ನಾನು ಅದನ್ನು ಕಡಗಕ್ಕೆ ಮಾಡುವುದಿಲ್ಲ.

ತಾವೇ ಮಾಡಿಕೊಳ್ಳಲಾಗದವರು ತಮ್ಮ ಪರಿಚಯದ ಪತ್ತಾರರ ಬಳಿ ಮಾಡಿಸಿಕೊಳ್ಳಬಹುದು. ಆಗ 92.5ರ ಬೆಳ್ಳಿ, ಟೊಳ್ಳಿಲ್ಲದ ತುಂಬುಗಂಬಿ, ದುಂಡಗಿನ ಒಳಮೈ, ಅಂಡಾಕಾರದ ಕಡಗ ಎಂದು ಬಿಡಿಸಿ ಹೇಳಿ, ತೂಕವನ್ನೂ ಮಜೂರಿಯನ್ನೂ ಬೇರೆ ಬೇರೆಯಾಗಿ ಬರೆಸಿಕೊಳ್ಳಬೇಕು. ಟೊಳ್ಳು ಕಡಗದೊಳಗೆ ನೀರು ಸೇರಿದರೆ ಹೊರಬರುವುದಿಲ್ಲ. ಅಂಗಡಿಯಲ್ಲಿ ಕೊಳ್ಳುವವರು ಹಾಲ್‌ಮಾರ್ಕ್ ಇರುವುದನ್ನೇ ಕೇಳುವುದು ಒಳ್ಳೆಯದು. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿಗೂ ಪ್ರತ್ಯೇಕ ಗುರುತಿನ ಸಂಖ್ಯೆಯುಳ್ಳ ಹಾಲ್‌ಮಾರ್ಕ್ ವ್ಯವಸ್ಥೆ, ಕಡ್ಡಾಯವಲ್ಲದ ರೀತಿಯಲ್ಲಿ, ಜಾರಿಗೆ ಬಂದಿದೆ. ಜರ್ಮನ್ ಸಿಲ್ವರ್ ಎಂದು ಮಾರುವ ಲೋಹದಲ್ಲಿ ಬೆಳ್ಳಿ ಇರುವುದೇ ಇಲ್ಲ, ಅದು ತಾಮ್ರ, ನಿಕ್ಕಲ್ ಮತ್ತು ಸತುವಿನ ಮಿಶ್ರಣ. ನಿಕ್ಕಲ್ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ, ಬೆವರು ಮತ್ತು ಒದ್ದೆ ಕೈಯಲ್ಲಿ ಆ ತುರಿಕೆ ಇನ್ನೂ ಹೆಚ್ಚಾಗುತ್ತದೆ, ಆದ್ದರಿಂದ ದಿನವೂ ಹಬೆಯ ಮುಂದೆ ಹಾಕಿಕೊಳ್ಳುವ ಉಂಗುರಕ್ಕೆ ಅದನ್ನು ಆರಿಸಿಕೊಳ್ಳಬಾರದು.