ಮೆಣಸಿನಕಾಯಿ ಹಬ್ಬಕ್ಕೆ ನಾವು ಗಿಡ ಬೆಳೆಸಿದ್ದು ಹೀಗೆ

ನಮ್ಮದು ದಾವಣಗೆರೆ. ಇಲ್ಲಿ ಸಂಜೆ ಅಂದರೆ ಮಂಡಕ್ಕಿ, ಮಿರ್ಚಿ. ಹಾಗಿದ್ದೂ ಮಿರ್ಚಿಗೆ ಹಾಕುವ ಕಾಯಿ ಯಾವುದು, ಸಾರಿನ ಪುಡಿಗೆ ಹಾಕುವುದು ಯಾವುದು, ಗಿಡದಲ್ಲಿ ಅವು ಹೇಗೆ ಕಾಣುತ್ತವೆ ಅಂತ ಕೇಳಿದರೆ ನಮ್ಮ ಬೀದಿಯಲ್ಲೇ ಹೇಳುವವರು ಕಡಿಮೆ. ಅದಕ್ಕೇ ಕೈತೋಟ ಮಾಡುವ ಎಂಟು ಮನೆಯವರು ಸೇರಿ ಬಡಾವಣೆಯ ಪಾರ್ಕಿನಲ್ಲಿ ಒಂದು ದಿನದ ಮೆಣಸಿನಕಾಯಿ ಹಬ್ಬ ಮಾಡೋಣ ಅಂತ ಹೊರಟೆವು. ಎರಡು ವರ್ಷ ಮಾಡಿದ್ದೇವೆ. ಮೊದಲ ವರ್ಷ ಎಡವಿದ್ದೇ ಜಾಸ್ತಿ. ಬೇರೆ ಊರಿನವರು ಯಾರಾದರೂ ಮಾಡುವುದಾದರೆ ಉಪಯೋಗಕ್ಕೆ ಬರಲಿ ಅಂತ ನಡೆದದ್ದನ್ನು ಬರೆಯುತ್ತಿದ್ದೇನೆ.

ಮೊದಲು ತಪ್ಪಿದ್ದು ದಿನದ ಲೆಕ್ಕ. ಜನವರಿ ಕೊನೆಯ ಭಾನುವಾರ ಹಬ್ಬ ಅಂತ ಗೊತ್ತು ಮಾಡಿ, ಅಕ್ಟೋಬರ್ ಕೊನೆಗೆ ಬೀಜ ಹಾಕಿದ್ದೆವು. ಮೂರು ತಿಂಗಳು ಸಾಕು ಅಂದುಕೊಂಡಿದ್ದೆವು. ಹಬ್ಬದ ದಿನ ಗಿಡದ ತುಂಬಾ ಹೂ, ಅಲ್ಲೊಂದು ಇಲ್ಲೊಂದು ಹಸಿರು ಕಾಯಿ. ಕೆಂಪು ಒಂದೂ ಇಲ್ಲ. ಒಣಮೆಣಸಿನಕಾಯಿ ಅಂಗಡಿಯಿಂದ ತಂದು ತಟ್ಟೆಯಲ್ಲಿಟ್ಟೆವು. ನನಗೆ ಆ ದಿನ ಬಹಳ ಬೇಜಾರಾಯಿತು.

ಎರಡನೇ ವರ್ಷ ಹಬ್ಬದ ದಿನದಿಂದ ಹಿಂದಕ್ಕೆ ಎಣಿಸಿದೆವು. ಬ್ಯಾಡಗಿ, ಗುಂಟೂರು, ಬಜ್ಜಿ ಮೆಣಸಿನಕಾಯಿ ಬೀಜ ಎಂಟು ಹತ್ತು ದಿನದಲ್ಲಿ ಮೊಳೆಯುತ್ತದೆ. ಸಸಿ ಕಿತ್ತು ನೆಡಲು ಸುಮಾರು 40 ದಿನ. ನೆಟ್ಟ ಮೇಲೆ ಕಾಯಿ ಕೆಂಪಾಗಲು ಇನ್ನೊಂದು 90ರಿಂದ 100 ದಿನ. ಹಾಗಾಗಿ ಸೆಪ್ಟೆಂಬರ್ ಮೊದಲ ವಾರ ಬೀಜ, ಅಕ್ಟೋಬರ್ ಮಧ್ಯಕ್ಕೆ ನಾಟಿ. ಸೂಜಿ ಮೆಣಸು ಮತ್ತು ಈಶಾನ್ಯದ ಭೂತ್ ಜೊಲೋಕಿಯಾದ್ದು ಬೇರೆಯೇ ಲೆಕ್ಕ. ಅವು ಮೊಳೆಯುವುದಕ್ಕೇ ಮೂರು ವಾರ ತಗೊಂಡವು. ಬೆಳವಣಿಗೆಯೂ ನಿಧಾನ. ಅವನ್ನು ಜುಲೈನಲ್ಲೇ ಹಾಕಿದೆವು. ಒಂದೇ ದಿನ ಎಲ್ಲಾ ಗಿಡವೂ ಕೆಂಪಾಗಿ ನಿಲ್ಲಬೇಕಾದರೆ ಬೀಜ ಒಂದೇ ದಿನ ಹಾಕಬಾರದು, ಅಷ್ಟೇ.

ಗಿಡಗಳೆಲ್ಲ ಬೆಳೆದದ್ದು ನಮ್ಮ ನಮ್ಮ ತಾರಸಿಯಲ್ಲಿ, 12 ಇಂಚಿನ ಕುಂಡಗಳಲ್ಲಿ. ಕೆಮ್ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ತೆಂಗಿನ ನಾರಿನ ಪುಡಿ, ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ. ನೀರು ಜಾಸ್ತಿಯಾದರೆ ಹೂ ಉದುರುತ್ತದೆ. ಮೇಲ್ಮಣ್ಣು ಒಣಗಿದ ಮೇಲೆ ಹಾಕಿದರೆ ಸಾಕು.

ನಿಜವಾದ ತಲೆನೋವು ಎಲೆ ಮುಟುರು. ಮೆಣಸಿನಗಿಡ ಬೆಳೆದ ಯಾರಿಗೂ ಇದು ಹೊಸದಲ್ಲ. 2021ರಲ್ಲಿ ಥ್ರಿಪ್ಸ್ ಅನ್ನುವ, ರಸ ಹೀರುವ ಸಣ್ಣ ಹುಳದ ಹೊಸ ಜಾತಿಯೊಂದು ಹಬ್ಬಿ ಕರ್ನಾಟಕ, ಆಂಧ್ರ, ತೆಲಂಗಾಣದ ಮೆಣಸಿನಕಾಯಿ ಹೊಲಗಳನ್ನೇ ಹಾಳುಮಾಡಿತ್ತು. ತಾರಸಿಯಲ್ಲಿ ನಾನು ಕಲಿತದ್ದು ಒಂದೇ: ಔಷಧಿ ಹುಡುಕುವ ಮೊದಲು ಎಲೆ ನೋಡಬೇಕು. ಎಲೆಯ ಅಂಚು ದೋಣಿಯ ಹಾಗೆ ಮೇಲಕ್ಕೆ ಮಡಚಿದ್ದರೆ ಥ್ರಿಪ್ಸ್. ಕೆಳಕ್ಕೆ ಮಡಚಿದ್ದರೆ ಮೈಟ್ ನುಸಿ. ಇಡೀ ಗಿಡ ಗಿಡ್ಡವಾಗಿ, ಎಲೆ ಸಣ್ಣದಾಗಿ, ಹಳದಿ ಕಟ್ಟಿ ಗುಂಪಾಗಿದ್ದರೆ ಬಿಳಿನೊಣ ತಂದ ನಂಜುರೋಗ. ಮೊದಲೆರಡಕ್ಕೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಒಂದೆರಡು ಹನಿ ಸೋಪು ಕಲಸಿ, ಸಂಜೆ ಹೊತ್ತು ಎಲೆಯ ಕೆಳಗೂ ತಾಗುವ ಹಾಗೆ ಸಿಂಪಡಿಸಿದೆವು. ವಾರಕ್ಕೊಮ್ಮೆ, ಬಿಡದೆ. ಮೂರನೆಯದಕ್ಕೆ ಮದ್ದಿಲ್ಲ. ಕಿತ್ತು ಸುಡಬೇಕು. ನಾನು ನಾಲ್ಕು ಗಿಡ ಕಿತ್ತೆ. ಮಗುವಿನ ಹಾಗೆ ಸಾಕಿದ ಗಿಡ ಕೀಳುವುದು ಕಷ್ಟ, ಆದರೆ ಆ ನಾಲ್ಕನ್ನು ಬಿಟ್ಟಿದ್ದರೆ ಉಳಿದವೂ ಹೋಗುತ್ತಿದ್ದವು.

ಬ್ಯಾಡಗಿ ಬೀಜಕ್ಕೆ ನಾನು ಬ್ಯಾಡಗಿಗೇ ಹೋದೆ. ನಮಗೆ ಅದು ದೂರವೇನಲ್ಲ. ಹುಬ್ಬಳ್ಳಿ ರೈಲಿನಲ್ಲಿ ಹರಿಹರ, ರಾಣೆಬೆನ್ನೂರು ದಾಟಿದರೆ ಬ್ಯಾಡಗಿ. ಆ ಊರಿನ ಹತ್ತಿರವೇ ನಮ್ಮ ಚಿಗವ್ವನ ಮನೆ. ಚಿಗವ್ವ ವರ್ಷಗಟ್ಟಲೆ ಮಾರುಕಟ್ಟೆಯಲ್ಲಿ ತೊಟ್ಟು ಮುರಿಯುವ ಕೆಲಸ ಮಾಡಿದವಳು. ಸೋಮವಾರ, ಗುರುವಾರ ಮಾರುಕಟ್ಟೆ ನಡೆಯುತ್ತದೆ. ಸುಗ್ಗಿಯಲ್ಲಿ ಊರಿಗೆ ಊರೇ ಕೆಂಪು. ಚೀಲದ ರಾಶಿ, ಗಾಳಿಯಲ್ಲಿ ಘಾಟು. ಹೊಸಬರು ಸೀನುತ್ತಾರೆ, ಅಲ್ಲಿಯವರಿಗೆ ಏನೂ ಅನ್ನಿಸುವುದಿಲ್ಲ. ಚಿಗವ್ವ ಎರಡು ಮುಷ್ಟಿ ಕಾಯಿ ನನ್ನ ಮುಂದೆ ಹರಡಿ ಪಾಠ ಮಾಡಿದಳು. ಒಂದು ಗಿಡ್ಡ, ಉಬ್ಬಿದ, ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನುವ ಕಾಯಿ. ಅದು ಡಬ್ಬಿ. ಇನ್ನೊಂದು ಉದ್ದ, ಸಣ್ಣ, ಮೈಯೆಲ್ಲಾ ಸುಕ್ಕು, ಬೀಜ ಕಡಿಮೆ. ಅದು ಕಡ್ಡಿ. ಡಬ್ಬಿಗೆ ರುಚಿ, ವಾಸನೆ ಜಾಸ್ತಿ. ಕಡ್ಡಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ.

“ಬರೇ ಕಚ್ಚಿ ಖಾರ ನೋಡಬ್ಯಾಡ. ಮುರದು ಮೂಸಿ ನೋಡು” ಅಂದಳು. ಮುರಿದು ಮೂಸಿದೆ. ಖಾರಕ್ಕಿಂತ ಮೊದಲು ಒಣದ್ರಾಕ್ಷಿಯಂಥ ಒಂದು ಸಿಹಿ ವಾಸನೆ ಬಂತು. ಇಷ್ಟು ವರ್ಷ ಅದೇ ಮೆಣಸಿನಕಾಯಿ ಹುರಿದು ಪುಡಿ ಮಾಡಿದ್ದೇನೆ, ಒಮ್ಮೆಯೂ ಹೀಗೆ ಮೂಸಿರಲಿಲ್ಲ.

ಹಬ್ಬದ ರೂಪ ಬದಲಾದದ್ದು ಆ ಮಾತಿನಿಂದ. ಮೊದಲ ವರ್ಷ ನಾವು ಪ್ರತಿ ತಟ್ಟೆಯ ಮುಂದೆ ಖಾರದ ಅಂಕಿ ಬರೆದಿದ್ದೆವು. ಸ್ಕೋವಿಲ್ ಅನ್ನುವ ಅಮೆರಿಕದ ಔಷಧ ತಜ್ಞ 1912ರಲ್ಲಿ ಮಾಡಿದ ಅಳತೆ ಅದು. ಮೆಣಸಿನಕಾಯಿ ಸಾರವನ್ನು ಸಕ್ಕರೆ ನೀರಿನಲ್ಲಿ ಬೆರೆಸುತ್ತಾ ಹೋಗಿ, ರುಚಿ ನೋಡುವವರಿಗೆ ಖಾರ ಗೊತ್ತಾಗದಷ್ಟು ತೆಳುವಾಗಲು ಎಷ್ಟು ಪಾಲು ಬೇಕು ಅಂತ ಲೆಕ್ಕ ಹಾಕುತ್ತಿದ್ದರು. ದೊಣ್ಣೆ ಮೆಣಸಿನಕಾಯಿಗೆ ಸೊನ್ನೆ. ಭೂತ್ ಜೊಲೋಕಿಯಾಕ್ಕೆ 10 ಲಕ್ಷ, 2007ರಲ್ಲಿ ಗಿನ್ನೆಸ್ ದಾಖಲೆ. ಆ ಅಂಕಿ ಹಾಕಿದ್ದೇ ತಪ್ಪಾಯಿತು. ಬಂದವರೆಲ್ಲ ದೊಡ್ಡ ಅಂಕಿಯ ತಟ್ಟೆ ಮುಂದೆ ನಿಂತರು. ಹುಡುಗರು ಪಂದ್ಯ ಕಟ್ಟಿದರು. ಒಬ್ಬ ಹುಡುಗ ಚೂರು ಕಚ್ಚಿ, ಅದೇ ಕೈಯಲ್ಲಿ ಕಣ್ಣು ಉಜ್ಜಿಕೊಂಡು ಅರ್ಧ ಗಂಟೆ ಅತ್ತ. ಬ್ಯಾಡಗಿ ತಟ್ಟೆ ಕಡೆಗೆ ಯಾರೂ ತಿರುಗಿ ನೋಡಲಿಲ್ಲ. ನಮ್ಮ ನೆಲದ ಕಾಯಿ, 2011ರಲ್ಲಿ ಭೌಗೋಳಿಕ ಗುರುತು ಪಡೆದ ಕಾಯಿ, ಖಾರ ಕಡಿಮೆ ಅನ್ನುವ ಒಂದೇ ಕಾರಣಕ್ಕೆ ಮೂಲೆ ಸೇರಿತ್ತು.

ಎರಡನೇ ವರ್ಷ ಅಂಕಿ ತೆಗೆದೆವು. ಅದರ ಬದಲು ಯಾವ ಕಾಯಿ ಯಾವ ಅಡುಗೆಗೆ ಅಂತ ಬರೆದೆವು. ಡಬ್ಬಿ ಮುಂದೆ “ಬಿಸಿಬೇಳೆ ಬಾತ್, ಸಾರಿನ ಪುಡಿ”. ಕಡ್ಡಿ ಮುಂದೆ “ಕುಂದಾಪುರದ ಘೀ ರೋಸ್ಟ್, ಮಸಾಲೆ ದೋಸೆಯ ಕೆಂಪು ಚಟ್ನಿ”. ಹಸಿ ಕೆಂಪು ಹಣ್ಣಿನ ಮುಂದೆ “ರಂಜಕ”. ದಪ್ಪ ಹಸಿರಿನ ಮುಂದೆ “ಮಂಡಕ್ಕಿ ಮಿರ್ಚಿ”. ಸೂಜಿ ಮೆಣಸಿನ ಮುಂದೆ “ಮಲೆನಾಡಿನ ಉಪ್ಪಿನಕಾಯಿ”. ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಬಾಳಕದ ತಟ್ಟೆಯೂ ಇತ್ತು. ಅಷ್ಟಕ್ಕೇ ಜನರ ಮಾತು ಬದಲಾಯಿತು. “ಎಷ್ಟ್ ಖಾರ ಐತ್ರೀ?” ಅನ್ನುತ್ತಿದ್ದವರು “ನಮ್ಮನೇಲಿ ಇದನ್ನ ಹುರಿಯಲ್ಲ, ನೆನೆಸಿ ರುಬ್ತೀವಿ” ಅನ್ನತೊಡಗಿದರು. ಹೆಂಗಸರು ಗಂಟೆಗಟ್ಟಲೆ ನಿಂತು ಮಾತಾಡಿದರು. ನಾನು ಹೇಳಿದ್ದಕ್ಕಿಂತ ಕೇಳಿ ಬರೆದುಕೊಂಡಿದ್ದೇ ಜಾಸ್ತಿ.

ಎರಡು ಸಣ್ಣ ಪ್ರಯೋಗ ಇಟ್ಟಿದ್ದೆವು. ಎರಡೂ ಚೆನ್ನಾಗಿ ನಡೆದವು.

ಒಂದು, ಭೂತಗನ್ನಡಿ. ಕಾಯಿಯನ್ನು ಉದ್ದಕ್ಕೆ ಸೀಳಿ ಬಿಳಿ ತಟ್ಟೆಯಲ್ಲಿ ಇಟ್ಟಿದ್ದೆವು. ಖಾರ ಬೀಜದಲ್ಲಿದೆ ಅಂತಲೇ ಎಲ್ಲರ ನಂಬಿಕೆ. ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ತಿರುಳಿದೆಯಲ್ಲ, ಖಾರ ತಯಾರಾಗುವುದು ಅಲ್ಲಿ. ಬೀಜಕ್ಕೆ ಅದು ಮೆತ್ತಿಕೊಂಡಿರುತ್ತದೆ ಅಷ್ಟೇ. ಹಸಿ ಗುಂಟೂರು ಕಾಯಿಯನ್ನು ಕನ್ನಡಿಯಡಿ ಹಿಡಿದರೆ ಆ ತಿರುಳಿನ ಮೇಲೆ ಹಳದಿ ಮಿಂಚು ಕಾಣುತ್ತದೆ. ಭೂತ್ ಜೊಲೋಕಿಯಾದಲ್ಲಿ ಆ ಮಿಂಚು ತಿರುಳಿನಲ್ಲಷ್ಟೇ ಅಲ್ಲ, ಸಿಪ್ಪೆಯ ಒಳಗೋಡೆಯ ಮೇಲೂ ಸಣ್ಣ ಸಣ್ಣ ಎಣ್ಣೆಹನಿಯಾಗಿ ಕಂಡಿತು. ಒಬ್ಬ ಹುಡುಗಿ ಮೂರು ಸಲ ಸಾಲಿನಲ್ಲಿ ನಿಂತು ನೋಡಿದಳು.

ಇನ್ನೊಂದು, ಎರಡು ಗಾಜಿನ ಲೋಟ. ಒಂದರಲ್ಲಿ ಬೆಚ್ಚಗಿನ ನೀರು, ಇನ್ನೊಂದರಲ್ಲಿ ಬೆಚ್ಚಗಿನ ಎಣ್ಣೆ. ಎರಡಕ್ಕೂ ಒಂದೊಂದು ಚಮಚ ಕಡ್ಡಿ ಪುಡಿ. ನೀರಿನಲ್ಲಿ ಪುಡಿ ತಳಕ್ಕೆ ಕೂತು ಮೇಲೆ ಕಂದು ರಾಡಿ. ಎಣ್ಣೆಯಲ್ಲಿ ಮಾತ್ರ ನಿಧಾನವಾಗಿ ಕೆಂಪು ಬಿಡುತ್ತಾ ಬಂದು, ಐದು ನಿಮಿಷಕ್ಕೆ ಲೋಟ ಬಿಸಿಲಿಗೆ ಹಿಡಿದರೆ ದಾಸವಾಳದ ಬಣ್ಣ. ಈ ಬಣ್ಣ ಎಣ್ಣೆಗೆ ಮಾತ್ರ ಒಲಿಯುತ್ತದೆ. ಬ್ಯಾಡಗಿಯಿಂದ ತೆಗೆದ ಓಲಿಯೋರೆಸಿನ್ ಅನ್ನುವ ಗಟ್ಟಿ ಎಣ್ಣೆಸಾರ ಲಿಪ್‌ಸ್ಟಿಕ್, ನೇಲ್ ಪಾಲಿಶ್‌ಗೂ ಹೋಗುತ್ತದೆ ಅಂದಾಗ ಬಹಳ ಜನರಿಗೆ ಆಶ್ಚರ್ಯ. ಖಾರದ್ದೂ ಅದೇ ಕಥೆ. ನೀರಿಗೆ ಕರಗುವುದಿಲ್ಲ. ನಾಲಿಗೆ ಉರಿದಾಗ ನೀರು ಕುಡಿದರೆ ಉರಿ ಬಾಯೆಲ್ಲಾ ಹರಡುತ್ತದೆ. ಹಾಲು, ಮೊಸರು ಬೇಕು. ಈ ಸಲ ರುಚಿ ನೋಡುವ ಮೇಜಿನ ಪಕ್ಕದಲ್ಲೇ ಗಟ್ಟಿ ಮೊಸರಿನ ಪಾತ್ರೆ ಇಟ್ಟಿದ್ದೆವು. ಕೈ ಉರಿದವರಿಗೆ ಮೊದಲು ಕೊಬ್ಬರಿ ಎಣ್ಣೆ, ಆಮೇಲೆ ಸೋಪು. ಚಿಕ್ಕ ಮಕ್ಕಳಿಗೆ ಕಡ್ಡಿ ಪುಡಿ ಸವರಿದ ಸೌತೆಕಾಯಿ ಬಿಟ್ಟು ಬೇರೇನೂ ಕೊಡಲಿಲ್ಲ.

ಒಂದು ತಪ್ಪು ಈ ವರ್ಷವೂ ಆಯಿತು. ಬಿಸಿಬೇಳೆ ಪುಡಿ ಮಾಡಿ ತೋರಿಸಲು ಡಬ್ಬಿ ಮೆಣಸಿನಕಾಯಿ ಹುರಿಯಲು ಕೂತೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅಂತ ನೋಡಲೇ ಇಲ್ಲ. ಬಾಣಲೆಯ ಘಾಟು ನೇರವಾಗಿ ಹಿರಿಯರು ಕೂತಿದ್ದ ಬೆಂಚುಗಳ ಕಡೆ ಹೋಯಿತು. ಒಬ್ಬರಿಗೆ ದಮ್ಮಿನ ತೊಂದರೆ ಇತ್ತು. ಅವರನ್ನು ಗೇಟಿನ ಹತ್ತಿರ ಕರೆದುಕೊಂಡು ಹೋಗಿ ಕೂರಿಸುವವರೆಗೂ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ದೇವರ ದಯೆ, ಸ್ವಲ್ಪ ಹೊತ್ತಿಗೆ ಸರಿಹೋದರು. ಒಲೆ ಇಡುವುದಾದರೆ ಗಾಳಿ ಹೊರಗೆ ಹೋಗುವ ಅಂಚಿನಲ್ಲಿ, ಜನ ಕೂರುವ ಜಾಗದಿಂದ ದೂರ ಇಡಿ. ಇಲ್ಲವಾದರೆ ಮನೆಯಲ್ಲೇ ಹುರಿದು ತಂದುಬಿಡಿ.

ಬೀಜದ ಬಗ್ಗೆಯೂ ಹೇಳಬೇಕು. ಹತ್ತು ಬಗೆಯ ಗಿಡ ಒಂದೇ ತಾರಸಿಯಲ್ಲಿದ್ದರೆ ಜೇನು, ಇರುವೆ ಓಡಾಡಿ ಪರಾಗ ಬೆರೆಯುತ್ತದೆ. ಈ ವರ್ಷದ ಕಾಯಿ ಸರಿಯಾಗೇ ಇರುತ್ತದೆ, ಅದರ ಬೀಜ ಹಾಕಿದರೆ ಮುಂದಿನ ವರ್ಷ ಬ್ಯಾಡಗಿಯಲ್ಲಿ ಗುಂಟೂರಿನ ಖಾರ ಬರಬಹುದು. ಬೀಜಕ್ಕಾಗಿ ಬೆಳೆಯುವ ಹೊಲದವರು ಬೇರೆ ತಳಿಯಿಂದ ನೂರಾರು ಮೀಟರ್ ದೂರ ಬಿಡುತ್ತಾರೆ. ತಾರಸಿಯಲ್ಲಿ ಅದು ಎಲ್ಲಿ ಆಗುತ್ತದೆ? ನಾವು ತೆಳು ಬಲೆಬಟ್ಟೆಯಲ್ಲಿ ಪುಟ್ಟ ಚೀಲ ಹೊಲಿದು, ಮೊಗ್ಗು ಅರಳುವ ಮೊದಲೇ ಕೊಂಬೆಗೆ ಕಟ್ಟಿದೆವು. ಬೆಳಿಗ್ಗೆ ಕೊಂಬೆಯನ್ನು ಬೆರಳಲ್ಲಿ ತಟ್ಟಿದರೆ ಹೂ ತನ್ನ ಪರಾಗವನ್ನು ತಾನೇ ತಗೊಳ್ಳುತ್ತದೆ. ಕಾಯಿ ಕಟ್ಟಿದ ಮೇಲೆ ಚೀಲ ಬಿಚ್ಚಿ ತೊಟ್ಟಿಗೆ ಕೆಂಪು ದಾರ. ದಾರ ಕಟ್ಟಿದ ಕಾಯಿಯ ಬೀಜ ಮಾತ್ರ ಲಕೋಟೆಗೆ. ಆ ದಿನ 60 ಲಕೋಟೆ ಕೊಟ್ಟೆವು, ಒಂದೊಂದರಲ್ಲಿ ಹತ್ತು ಬೀಜ.

ಸಂಜೆ ಮೇಜು ಎತ್ತುವಾಗ ಒಬ್ಬ ಅಜ್ಜಿ ಬಂದರು. ಬೆಳಿಗ್ಗೆಯೇ ಬಂದು ಎಲ್ಲಾ ತಟ್ಟೆ ನೋಡಿ ಹೋಗಿದ್ದರಂತೆ. “ನಮ್ಮ ಹಿತ್ತಲದ್ದು ನಿಮ್ಮತ್ರ ಇಲ್ವಲ್ಲವ್ವಾ” ಅಂತ ಸೆರಗಿನ ಗಂಟು ಬಿಚ್ಚಿದರು. ಒಳಗೆ ಏಳು ಒಣ ಕಾಯಿ. ಬೆರಳಿನ ಒಂದು ಗೆಣ್ಣಿನಷ್ಟು ಉದ್ದ, ತುದಿ ಮೊಂಡು, ಬಣ್ಣ ಕಪ್ಪುಗೆಂಪು. ಹೆಸರು ಕೇಳಿದೆ. “ಹೆಸರೇನು? ಮೆಣಸಿನಕಾಯಿ” ಅಂದರು. ಅವರ ಅತ್ತೆ ಹಾಕುತ್ತಿದ್ದ ಬೀಜವಂತೆ. ಹುಳಿಗೆ ಬಿಟ್ಟು ಬೇರೆ ಯಾವುದಕ್ಕೂ ಬಳಸುವುದಿಲ್ಲವಂತೆ. ಒಂದು ಕಾಯಿ ಮುರಿದು ಮೂಸಿದೆ. ನನಗೆ ಗೊತ್ತಿರುವ ಯಾವ ಮೆಣಸಿನಕಾಯಿಯ ವಾಸನೆಯೂ ಅಲ್ಲ.

ಮೂರು ಗಿಡ ಎದ್ದಿವೆ. ಹೋದ ವಾರ ಮೊದಲ ಮೊಗ್ಗು ಬಂತು. ಬಲೆಬಟ್ಟೆಯ ಚೀಲ ಕಟ್ಟಿದ್ದೇನೆ. ಕುಂಡದ ಮೇಲೆ ಸದ್ಯಕ್ಕೆ “ಅಜ್ಜಿಯ ಹುಳಿ” ಅಂತ ಬರೆದಿದೆ.