ಡಗ್ಗಾ ಕಳೆದುಹೋದ ಹಾಡು: ನಾನು ಸ್ಟುಡಿಯೋ ಹೆಡ್‌ಫೋನ್ ಆರಿಸಿಕೊಂಡ ಬಗೆ

ಮೈಸೂರಿನ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ನಾನು ಭಾವಗೀತೆಗಳನ್ನು ರೆಕಾರ್ಡ್ ಮಾಡುತ್ತೇನೆ. ಒಂದು ಮೈಕ್, ಮೈಕನ್ನೂ ಹೆಡ್‌ಫೋನನ್ನೂ ಲ್ಯಾಪ್‌ಟಾಪಿಗೆ ಜೋಡಿಸುವ ಪುಟ್ಟದೊಂದು ಆಡಿಯೋ ಇಂಟರ್‌ಫೇಸ್, ಒಂದು ಲ್ಯಾಪ್‌ಟಾಪ್. ಗೋಡೆಯಾಚೆ ಪಕ್ಕದ ಮನೆಯವರು ಬೇಗ ಮಲಗುತ್ತಾರೆ, ನನಗೆ ಬಿಡುವಾಗುವುದು ರಾತ್ರಿ. ಹಾಗಾಗಿ ಮಿಕ್ಸಿಂಗ್, ಅಂದರೆ ದನಿ-ವಾದ್ಯಗಳನ್ನು ಹದವಾಗಿ ಬೆರೆಸುವ ಕೆಲಸ, ಪೂರ್ತಿ ಹೆಡ್‌ಫೋನಿನಲ್ಲೇ ಆಗಬೇಕು.

ಮೊದಲ ಹಾಡಿಗೆ ನಾನು ಬಳಸಿದ್ದು ಮನೆಯಲ್ಲಿದ್ದ ಹೆಡ್‌ಫೋನ್. ಸಿನಿಮಾ ಹಾಡು ಕೇಳಲು ತುಂಬಾ ಚೆಂದ ಇತ್ತು, ಎದೆ ಗುಂಯ್ ಅನ್ನುವಷ್ಟು ಬೇಸ್. ಹಾಡಿನಲ್ಲಿ ಇದ್ದದ್ದು ದನಿ, ಹಾರ್ಮೋನಿಯಂ, ತಬಲಾ ಮಾತ್ರ. ಡಗ್ಗಾ, ಅಂದರೆ ತಬಲಾ ಜೋಡಿಯಲ್ಲಿ ಎಡಗೈಯಲ್ಲಿ ನುಡಿಸುವ ದಪ್ಪ ದನಿಯದು, ಜಾಸ್ತಿ ಆಯ್ತು ಅನ್ನಿಸಿತು. ಇಳಿಸಿದೆ. ಇನ್ನೂ ಜಾಸ್ತಿ ಅನ್ನಿಸಿತು, ಮತ್ತೆ ಇಳಿಸಿದೆ. ಎರಡು ರಾತ್ರಿ ಕೂತು ಮುಗಿಸಿ, ಭಾನುವಾರ ಮಾವನ ಕಾರಿನಲ್ಲಿ ಹಾಕಿ ಕೇಳಿದರೆ ಡಗ್ಗಾ ಪತ್ತೆಯೇ ಇಲ್ಲ! ಬಲಗೈಯ ಟಕಟಕ ಮಾತ್ರ ಕೇಳಿಸುತ್ತಿತ್ತು. ನುಡಿಸಿದ ಹುಡುಗ ಹಿಂದಿನ ಸೀಟಿನಲ್ಲೇ ಕೂತಿದ್ದ. ಅವನು ಏನೂ ಹೇಳಲಿಲ್ಲ, ಆದರೆ ಅವನ ಮುಖ ನನಗೆ ಇವತ್ತಿಗೂ ನೆನಪಿದೆ.

ಆಮೇಲೆ ಅರ್ಥವಾಯಿತು. ಹಾಡಿನಲ್ಲಿ ಇಲ್ಲದ ಬೇಸನ್ನು ಹೆಡ್‌ಫೋನ್ ತಾನೇ ಸೇರಿಸುತ್ತಿತ್ತು. ನಾನು ಹಾಡನ್ನು ತಿದ್ದುತ್ತಿದ್ದೇನೆ ಅಂದುಕೊಂಡು ಹೆಡ್‌ಫೋನನ್ನು ತಿದ್ದುತ್ತಿದ್ದೆ. ಕೇಳುವವರಿಗೆ ಸಿಹಿ ಸೇರಿಸಿ ಕೊಡುವ ಹೆಡ್‌ಫೋನ್ ಬೇಕಾಗಬಹುದು. ಹಾಡು ಮಾಡುವವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳುವುದು ಬೇಕು.

ವೈರ್ ಇರುವುದೇ ಬೇಕು ಅನ್ನುವುದರಲ್ಲಿ ಅನುಮಾನ ಇರಲಿಲ್ಲ. ಬ್ಲೂಟೂತ್‌ನಲ್ಲಿ ದನಿ ಕಿವಿಗೆ ತಡವಾಗಿ ಬರುತ್ತದೆ, ಎಷ್ಟೋ ಸೆಟ್‌ಗಳಲ್ಲಿ 100 ಮಿಲಿಸೆಕೆಂಡಿಗಿಂತ ಜಾಸ್ತಿ. ನಿಮಿಷಕ್ಕೆ 120 ಬೀಟಿನ ಲಯದಲ್ಲಿ ಒಂದು ಬೀಟಿನ ಕಾಲು ಭಾಗ ಅಂದರೆ 125 ಮಿಲಿಸೆಕೆಂಡ್. ಅಷ್ಟು ಹಿಂದೆ ಬಿದ್ದ ತಾಳಕ್ಕೆ ಯಾರು ತಾನೇ ಹಾಡುತ್ತಾರೆ?

ಹಿಂಬದಿ ತೆರೆದಿರುವ ಓಪನ್ ಬೇಕೋ, ಮುಚ್ಚಿರುವ ಕ್ಲೋಸ್ಡ್ ಬೇಕೋ ಅನ್ನುವುದನ್ನು ಕಲಿಸಿದ್ದು ಗೆಳೆಯನಿಂದ ತಂದ ಒಂದು ಸೆಮಿ-ಓಪನ್ ಸೆಟ್. ಕೇಳಲು ಹಗುರ, ಗಾಳಿಯಾಡುವ ಹಾಗಿತ್ತು. ಆದರೆ ಗಾಯಕಿ ಅದನ್ನು ಹಾಕಿಕೊಂಡು ಹಾಡಿದಾಗ ಲಯ ತೋರಿಸುವ ಮೆಟ್ರೊನೋಮಿನ ಟಿಕ್ ಟಿಕ್ ಹೊರಗೆ ಸೋರಿ ಮೈಕಿಗೆ ಹೋಗಿತ್ತು. ಪಲ್ಲವಿಯ ಕೊನೆಯಲ್ಲಿ ದನಿ ಮೆಲ್ಲಗೆ ಇಳಿಯುವ ಜಾಗದಲ್ಲೇ ಆ ಟಿಕ್ ಎದ್ದು ಕೇಳಿಸುತ್ತಿತ್ತು. ಅದನ್ನು ಅಳಿಸಲು ಆಗಲೇ ಇಲ್ಲ. ಬರೀ ಮಿಕ್ಸಿಂಗ್ ಮಾಡುವವರಿಗೆ ಓಪನ್ ಒಳ್ಳೆಯದೇ. ನನ್ನ ಹಾಗೆ ಒಂದೇ ಹೆಡ್‌ಫೋನಿನಲ್ಲಿ ಹಾಡಿಸುವುದೂ ಮಿಕ್ಸ್ ಮಾಡುವುದೂ ಆಗಬೇಕಿದ್ದರೆ ಕ್ಲೋಸ್ಡ್ ತೆಗೆದುಕೊಳ್ಳಿ.

ನನ್ನ ಪಟ್ಟಿಯಲ್ಲಿ ಕೊನೆಗೆ ಉಳಿದದ್ದು ಮೂರು. 1991ರಿಂದ ಸ್ಟುಡಿಯೋಗಳಲ್ಲಿ ಓಡುತ್ತಿರುವ ಸೋನಿ ಎಂಡಿಆರ್-7506, ಆಡಿಯೋ-ಟೆಕ್ನಿಕಾದ ಎಟಿಎಚ್-ಎಂ40ಎಕ್ಸ್, ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ. ಡಿಟಿ 770ರಲ್ಲಿ 32, 80, 250 ಓಮ್ ಅಂತ ಬೇರೆ ಬೇರೆ ಮಾದರಿಗಳಿವೆ. ಓಮ್ ಅಂದರೆ ಹೆಡ್‌ಫೋನ್ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ. ಅದು ಜಾಸ್ತಿ ಇದ್ದರೆ ಗುಣಮಟ್ಟವೂ ಜಾಸ್ತಿ ಅಂತ ನಾನು ಸುಮ್ನೆ ನಂಬಿಕೊಂಡಿದ್ದೆ. ಅದು ಹಾಗಲ್ಲ. 1 ವೋಲ್ಟ್ ಕೊಟ್ಟರೆ 32 ಓಮ್ ಹೆಡ್‌ಫೋನಿಗೆ ಸುಮಾರು 31 ಮಿಲಿವ್ಯಾಟ್ ಸಿಗುತ್ತದೆ, 250 ಓಮ್‌ನದಕ್ಕೆ ಬರೀ 4. ನನ್ನ ಪುಟ್ಟ ಇಂಟರ್‌ಫೇಸಿಗೆ 250 ಓಮ್ ಹಾಕಿದ್ದರೆ ವಾಲ್ಯೂಮ್ ಗುಂಡಿಯನ್ನು ಕೊನೆವರೆಗೂ ತಿರುಗಿಸಿ ಕೂರಬೇಕಿತ್ತು.

ಬೆಂಗಳೂರಿನ ಅಂಗಡಿಗೆ ಹೋದಾಗ ಅವರು ಹಾಕಿದ ಹಾಡು ಬೇಡ ಅಂದೆ. ನನ್ನದೇ ರೆಕಾರ್ಡಿಂಗನ್ನು ಎಂಪಿ3 ಮಾಡಿ ಕುಗ್ಗಿಸದೆ, ವೇವ್ ಫೈಲ್ ಆಗಿಯೇ ತೆಗೆದುಕೊಂಡು ಹೋಗಿದ್ದೆ. ಬರೀ ತಂಬೂರಿ, ದನಿ, ತಬಲಾ. ಪ್ರತಿ ಹೆಡ್‌ಫೋನಿನಲ್ಲೂ ಕೇಳಿದ್ದು ಮೂರೇ ವಿಷಯ. ಅಂಗೈ ಒತ್ತಿ ಡಗ್ಗಾವನ್ನು ಮೀಟಿದಾಗ ‘ಘೇ’ ಅಂತ ಸ್ವರ ಕೆಳಗಿಂದ ಮೇಲಕ್ಕೆ ಜಾರುತ್ತದಲ್ಲ, ಆ ಜಾರು ಬಿಡಿಬಿಡಿಯಾಗಿ ಕೇಳುತ್ತದೋ, ಇಲ್ಲ ಒಂದೇ ಗುಡುಗಾಗಿಬಿಡುತ್ತದೋ? ತಂಬೂರಿಯ ತಂತಿಯ ಕೆಳಗೆ ಸಿಕ್ಕಿಸುವ ದಾರ, ಆ ಜೀವಾಳದ ಝೇಂಕಾರ ದನಿಯ ಹಿಂದೆ ಉಳಿಯುತ್ತದೋ? ಹಾಡಿನಲ್ಲಿ ಸ, ಶ ಬಂದಾಗ ಕಿವಿಗೆ ಚುಚ್ಚುತ್ತದೋ? ಒಂದು ಸೆಟ್ ಜೋರಾಗಿ ಕೇಳಿಸಿದರೆ ಅದೇ ಚೆನ್ನಾಗಿದೆ ಅನ್ನಿಸಿಬಿಡುತ್ತದೆ. ಅದಕ್ಕೇ ಪ್ರತಿ ಸಲ ವಾಲ್ಯೂಮ್ ಸಮ ಮಾಡಿಕೊಂಡು ಕೇಳಿದೆ.

7506ರಲ್ಲಿ ಸ, ಶ ನನ್ನ ಕಿವಿಗೆ ಸ್ವಲ್ಪ ಹರಿತ ಅನ್ನಿಸಿತು. ತಪ್ಪು ಹುಡುಕಲು ಅದು ಒಳ್ಳೆಯ ಗುಣವೇ, ಆದರೆ ನಾನು ಅದನ್ನು ಗಂಟೆಗಟ್ಟಲೆ ಹಾಕಿಕೊಳ್ಳಬೇಕಲ್ವಾ. ಡಿಟಿ 770ರ ವೆಲ್ವೆಟ್ ಥರದ ಕುಶನ್ ಎಲ್ಲಕ್ಕಿಂತ ಸುಖ. ಬೆಲೆ ಮಾತ್ರ ನನ್ನ ಕೈ ಮೀರಿತು. ಎಂ40ಎಕ್ಸ್‌ನಲ್ಲಿ ಡಗ್ಗಾದ ಜಾರು ಇದ್ದ ಹಾಗೇ ಕೇಳಿಸಿತು. 35 ಓಮ್, ಲ್ಯಾಪ್‌ಟಾಪಿಗೂ ಸಾಕು. ಕೇಬಲ್ ಬಿಚ್ಚಬಹುದು. ಕಾಲಿಗೆ ಸಿಕ್ಕಿ ವೈರ್ ಹಾಳಾದರೆ ಕೇಬಲ್ ಬದಲಿಸಿದರೆ ಮುಗಿಯಿತು. ಅದನ್ನೇ ತಂದೆ.

ತಂದ ಮೇಲೆ ಒಂದು ವಾರ ಯಾವ ಮಿಕ್ಸಿಗೂ ಕೈ ಹಾಕಲಿಲ್ಲ. ನನಗೆ ಬಾಯಿಪಾಠವಾಗಿರುವ ಹಾಡುಗಳನ್ನೇ ಅದರಲ್ಲಿ ಮತ್ತೆ ಮತ್ತೆ ಕೇಳಿದೆ. ಒಳ್ಳೆಯ ಮಿಕ್ಸಿನಲ್ಲಿ ಡಗ್ಗಾ ಈ ಹೆಡ್‌ಫೋನಿನಲ್ಲಿ ಎಷ್ಟು ಕೇಳುತ್ತದೆ ಅನ್ನುವುದು ಕಿವಿಗೆ ಗೊತ್ತಾಗಬೇಕಿತ್ತು. ಎಷ್ಟೇ ಒಳ್ಳೆಯ ಹೆಡ್‌ಫೋನ್ ಇದ್ದರೂ ಈ ಕೆಲಸ ತಪ್ಪುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಈಗಲೂ ವಾಲ್ಯೂಮ್ ಕಡಿಮೆ ಇಟ್ಟು, ಮುಕ್ಕಾಲು ಗಂಟೆಗೊಮ್ಮೆ ಎದ್ದು ಓಡಾಡಿ ಬರುತ್ತೇನೆ. ಕೊನೆಗೆ ಒಂದು ಸಲ ಫೋನಿನ ಸ್ಪೀಕರಿನಲ್ಲಿ, ಒಂದು ಸಲ ಕಾರಿನಲ್ಲಿ ಕೇಳುತ್ತೇನೆ. ಕುಶನ್ ಸವೆದರೆ ಬದಲಿಸಬೇಕು. ಕಿವಿ ಸುತ್ತ ಸರಿಯಾಗಿ ಕೂರದಿದ್ದರೆ ಮೊದಲು ಹೋಗುವುದೇ ಬೇಸ್.

ಎರಡನೇ ವಾರ ಆ ಹಳೇ ಹಾಡನ್ನು ತೆರೆದೆ. ಡಗ್ಗಾ ಸರಿಮಾಡಿದರೆ ಸಾಕು ಅಂದುಕೊಂಡಿದ್ದೆ. ಆದರೆ ಎರಡನೇ ಚರಣದಲ್ಲಿ ದನಿಯ ಹಿಂದೆ ಸಣ್ಣಗೆ ಗುಂಯ್ ಅನ್ನುವ ಸದ್ದು ಕೇಳಿಸಿತು. ಅದು ಸೀಲಿಂಗ್ ಫ್ಯಾನ್. ರೆಕಾರ್ಡ್ ಮಾಡಿದ ದಿನದಿಂದಲೂ ಅಲ್ಲೇ ಇತ್ತು, ಹಳೇ ಹೆಡ್‌ಫೋನ್ ನನಗೆ ತೋರಿಸಿರಲಿಲ್ಲ ಅಷ್ಟೇ. ಗಾಯಕಿಗೆ ಫೋನ್ ಮಾಡಿ ಕರೆಸಿದೆ. ತಬಲಾ ಹುಡುಗನೂ ಬಂದ. ಏಪ್ರಿಲ್ ಸೆಕೆಯಲ್ಲಿ ಫ್ಯಾನ್ ಆರಿಸಿ, ಬೆವರು ಒರೆಸಿಕೊಳ್ಳುತ್ತಾ ಮೂವರೂ ಕೂತು ಇನ್ನೊಮ್ಮೆ ಪೂರ್ತಿ ರೆಕಾರ್ಡ್ ಮಾಡಿದೆವು. ಈ ಸಲ ಮಾವನ ಕಾರಿನಲ್ಲಿ ಆ ಹುಡುಗನನ್ನು ಮುಂದಿನ ಸೀಟಿನಲ್ಲಿ ಕೂರಿಸಿದೆ. ‘ಘೇ’ ಬಂದ ಕೂಡಲೇ ಅವನು ಕೈ ಚಾಚಿ ವಾಲ್ಯೂಮ್ ಏರಿಸಿದ.